ಹಿಮದ ಮೇಲೆ ಕೋಡುಬಳೆ

ಅಮೆರಿಕದ ಮಿಷಿಗನ್ ರಾಜ್ಯದ ಉತ್ತರ ತುದಿಯಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಬಾಗಿದ ಬೆರಳಿನಂತೆ ಚಾಚಿಕೊಂಡಿರುವ ನೆಲಕ್ಕೆ ಕೀವಿನಾ ಎಂದು ಹೆಸರು. ಇಲ್ಲಿನ 41ನೇ ನಂಬರ್ ಹೆದ್ದಾರಿಯಲ್ಲಿ ಮೊಹಾಕ್ ಎಂಬ ಪುಟ್ಟ ಊರನ್ನು ದಾಟಿ ಉತ್ತರಕ್ಕೆ ಹೊರಟರೆ, ರಸ್ತೆಯ ಮಗ್ಗುಲಲ್ಲಿ ತೆಂಗಿನ ಮರದಷ್ಟು ಎತ್ತರದ ಅಳತೆಪಟ್ಟಿಯೊಂದು ನಿಂತಿದೆ. ಜ್ವರ ನೋಡುವ ಥರ್ಮಾಮೀಟರಿನ ಹಾಗೆ ಕಾಣುವ ಇದು ಅಳೆಯುವುದು ಹಿಮವನ್ನು. ಇದರ ಮೇಲೆ ಗುರುತಾಗಿರುವ ದಾಖಲೆ 390.4 ಇಂಚು. 1978-79ರ ಒಂದೇ ಚಳಿಗಾಲದಲ್ಲಿ ಬಿದ್ದದ್ದು ಅಷ್ಟು! ಅಡಿಯಲ್ಲಿ ಹೇಳಿದರೆ ಮೂವತ್ತೆರಡೂವರೆ. ಬೇಸಿಗೆಯಲ್ಲಿ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುವ ಪ್ರವಾಸಿಗಳು ತಲೆಯೆತ್ತಿ ನೋಡಿ ನಗುತ್ತಾರೆ. ಚಳಿಗಾಲದಲ್ಲಿ ಅಲ್ಲೇ ಬದುಕುವವರಿಗೆ ಅದು ಮನೆಯ ಬಾಗಿಲು ತೆರೆಯುವುದೋ ಇಲ್ಲವೋ ಎಂಬ ಲೆಕ್ಕ.

ಇಷ್ಟೊಂದು ಹಿಮ ಈ ಮೂಲೆಯಲ್ಲೇ ಏಕೆ ಸುರಿಯುತ್ತದೆ ಎಂಬುದಕ್ಕೆ ಉತ್ತರ ಸರೋವರದಲ್ಲಿಯೇ ಇದೆ. ಸುಪೀರಿಯರ್ ಎಂದರೆ ಸುಮಾರು 82,000 ಚದರ ಕಿಲೋಮೀಟರಿನ ಸಿಹಿನೀರಿನ ಕಡಲು. ನಮ್ಮ ಕರ್ನಾಟಕದ ಐದರಲ್ಲಿ ಎರಡು ಪಾಲನ್ನು ನೀರಿನಲ್ಲಿ ಮುಳುಗಿಸಿದರೂ ಅದಕ್ಕೆ ಸಾಟಿಯಾಗದು. ಬೇಸಿಗೆಯ ಬಿಸಿಯನ್ನು ಈ ನೀರು ಡಿಸೆಂಬರಿನವರೆಗೂ ಹಿಡಿದಿಟ್ಟುಕೊಂಡಿರುತ್ತದೆ. ಕೆನಡಾ ಕಡೆಯಿಂದ ಬೀಸುವ ಕೊರೆಯುವ ಗಾಳಿ ಅದರ ಮೇಲೆ ಹಾಯ್ದು ತೇವ ಕುಡಿದು, ಕೀವಿನಾದ ಗುಡ್ಡಗಳನ್ನು ಏರುವಾಗ ಹೊರೆ ಇಳಿಸಿಬಿಡುತ್ತದೆ. ಅರಬ್ಬೀ ಸಮುದ್ರದ ಮೋಡ ಆಗುಂಬೆಯಲ್ಲಿ ಮಾಡುವ ಕೆಲಸವೇ ಇದು. ಆಗುಂಬೆಯ ನೀರು ಹರಿದು ಸೀತೆಗೋ ಮಾಲತಿಗೋ ಸೇರಿಬಿಡುತ್ತದೆ. ಇಲ್ಲಿಯದು ಬಿದ್ದಲ್ಲಿಯೇ ಕುಳಿತು ಏಪ್ರಿಲ್‌ವರೆಗೆ ಕದಲುವುದಿಲ್ಲ. ಅದೇ ವ್ಯತ್ಯಾಸ.

ಈ ನೆಲದ ಮುಖ್ಯ ಊರು ಹೋಟನ್. ಒಂದು ಕಾಲಕ್ಕೆ ತಾಮ್ರದ ಗಣಿಗಳಿಂದ ಹೆಸರಾದ ಊರು. ಗಣಿ ಕೆಲಸ ಕಲಿಸಲೆಂದು 1885ರಲ್ಲಿ ಇಲ್ಲಿ ಶುರುವಾದ ಶಾಲೆಯೇ ಬೆಳೆದು ಇಂದಿನ ಮಿಷಿಗನ್ ಟೆಕ್ನಾಲಾಜಿಕಲ್ ಯೂನಿವರ್ಸಿಟಿ ಆಗಿದೆ. ಗಣಿಗಳು ಮುಚ್ಚಿ ದಶಕಗಳಾದವು. ವಿದ್ಯಾರ್ಥಿಗಳು ಬರುತ್ತಲೇ ಇದ್ದಾರೆ. ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಮುಂತಾದ ವಿಭಾಗಗಳ ಸ್ನಾತಕೋತ್ತರ ತರಗತಿಗಳಲ್ಲಿ ಭಾರತೀಯರ ಸಂಖ್ಯೆ ಗಣನೀಯ. ಅವರ ನಡುವೆ ಕನ್ನಡದ ಮಾತೂ ಕಿವಿಗೆ ಬೀಳುವುದುಂಟು. ಮೈಸೂರಿನಿಂದಲೋ ಹುಬ್ಬಳ್ಳಿಯಿಂದಲೋ ಆಗಸ್ಟಿನಲ್ಲಿ ಬಂದಿಳಿಯುವ ಹುಡುಗ ಹುಡುಗಿಯರಿಗೆ ಊರು ಹಸಿರಾಗಿ, ತಂಪಾಗಿ, ಥೇಟ್ ಮಡಿಕೇರಿಯಂತೆ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ನಾಲ್ಕು ಗೆಳೆಯರು ಸೇರಿ ಒಂದು ಹಳೆಯ ಕಾರು ಕೊಳ್ಳುತ್ತಾರೆ. ಚಾಲನಾ ಪರೀಕ್ಷೆಯನ್ನೂ ಒಣರಸ್ತೆಯ ಮೇಲೆಯೇ ಪಾಸು ಮಾಡುತ್ತಾರೆ. ಲೈಸೆನ್ಸು ಕೈಗೆ ಬಂದಾಗ ಅವರು ಇನ್ನೂ ಹಿಮವನ್ನೇ ಕಂಡಿರುವುದಿಲ್ಲ.

ಆಮೇಲೆ ಒಂದು ರಾತ್ರಿ ಮೊದಲ ಹಿಮ ಬೀಳುತ್ತದೆ. ಹುಟ್ಟಿದಾಗಿನಿಂದ ಸಿನಿಮಾದಲ್ಲಿ ಮಾತ್ರ ನೋಡಿದ್ದು ಕಣ್ಣೆದುರಿಗೆ ಬಂದಾಗ ಯಾರಿಗೆ ತಾನೇ ಆಟ ಬೇಡ? ಉಂಡೆ ಕಟ್ಟಿ ಎಸೆಯುತ್ತಾರೆ, ಬೊಂಬೆ ಮಾಡುತ್ತಾರೆ, ಊರಿಗೆ ವಿಡಿಯೋ ಕಳಿಸುತ್ತಾರೆ. ಅಷ್ಟಕ್ಕೇ ನಿಂತರೆ ತೊಂದರೆಯಿಲ್ಲ. ರಾತ್ರಿ ಹನ್ನೊಂದರ ಮೇಲೆ ಅಂಗಡಿಗಳು ಮುಚ್ಚಿ, ದೊಡ್ಡ ಪಾರ್ಕಿಂಗ್ ಬಯಲುಗಳು ಖಾಲಿಯಾಗಿ, ದೀಪದ ಕಂಬಗಳ ಕೆಳಗೆ ಬೆಳ್ಳಗೆ ಹಾಸಿಕೊಂಡಿರುವಾಗ, ಯಾರೋ ಒಬ್ಬ ಕಾರಿನ ಕೀ ತಿರುಗಿಸುತ್ತ, ‘ಬರ್ರೋ, ಒಂದು ರೌಂಡು ಹೋಗಿ ಬರೋಣ’ ಎನ್ನುತ್ತಾನೆ.

ಅಮೆರಿಕದವರು ಈ ಆಟಕ್ಕೆ ‘ಡೋನಟ್’ ಎನ್ನುತ್ತಾರೆ. ಡೋನಟ್ ಎಂದರೆ ನಡುವೆ ತೂತಿರುವ, ಎಣ್ಣೆಯಲ್ಲಿ ಕರಿದ ಸಿಹಿ ತಿಂಡಿ. ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಆಕ್ಸಿಲರೇಟರ್ ತುಳಿದರೆ, ಕಾರು ಒಂದೇ ಜಾಗದಲ್ಲಿ ಗಿರಗಿರನೆ ಸುತ್ತಿ ಹಿಮದ ಮೇಲೆ ಅದೇ ಆಕಾರದ ಗುರುತು ಬಿಡುತ್ತದೆ. ನಮ್ಮವರಾದರೆ ಕೋಡುಬಳೆ ಎನ್ನಬಹುದು. ಮುಂದಿನ ಚಕ್ರಗಳು ಎಳೆಯುವ ಕಾರುಗಳಲ್ಲಿ ಇದು ಅಷ್ಟು ಸಲೀಸಲ್ಲ. ಹಾಗಾಗಿ ರಿವರ್ಸ್ ಗೇರಿನಲ್ಲಿ ಸುತ್ತುತ್ತಾರೆ, ಇಲ್ಲವೇ ಓಡುತ್ತಿರುವಾಗಲೇ ಹ್ಯಾಂಡ್‌ಬ್ರೇಕ್ ಎಳೆದು ಹಿಂಭಾಗವನ್ನು ಬೀಸುತ್ತಾರೆ. ಸ್ಟೇರಿಂಗ್ ಹಿಡಿದವನ ಕೂಗು, ಹಿಂದೆ ಕುಳಿತವರ ಕಿರಿಚಾಟ, ಕಿಟಕಿಯಾಚೆ ಪುಡಿ ಹಿಮದ ಮೋಡ. ಜಾತ್ರೆಯ ತಿರುಗುತೊಟ್ಟಿಲೂ ಇಷ್ಟು ಮಜ ಕೊಡಲಾರದು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಈ ಆಟ ಇಷ್ಟು ಸುಲಭವಾಗುವುದಕ್ಕೆ ಕಾರಣ ಟೈರಿಗೂ ನೆಲಕ್ಕೂ ನಡುವಿನ ಹಿಡಿತ ಕಳಚಿಹೋಗುವುದು. ಒಣ ಡಾಂಬರಿನ ಮೇಲೆ ಇರುವ ಹಿಡಿತದಲ್ಲಿ ತುಳಿದು ಗಟ್ಟಿಯಾದ ಹಿಮದ ಮೇಲೆ ಉಳಿಯುವುದು ಕಾಲು ಪಾಲಿನ ಆಚೀಚೆ. ನುಣುಪು ಮಂಜುಗಡ್ಡೆಯ ಮೇಲೆ ಅದಕ್ಕೂ ಅರ್ಧ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುವ ಕಾರು ಬ್ರೇಕ್ ಒತ್ತಿದ ಮೇಲೆ ಒಣರಸ್ತೆಯಲ್ಲಿ ಸುಮಾರು 14 ಮೀಟರ್ ಜರುಗಿ ನಿಂತರೆ, ಹಿಮದಲ್ಲಿ 50 ಮೀಟರ್ ಹೋಗುತ್ತದೆ, ಮಂಜುಗಡ್ಡೆಯಲ್ಲಿ 100 ಮೀಟರಿನ ಹತ್ತಿರ. ವಿಚಿತ್ರವೆಂದರೆ ಅತಿ ಚಳಿಯ ದಿನ ಅತಿ ಜಾರುವ ದಿನವಲ್ಲ. ಸೊನ್ನೆ ಡಿಗ್ರಿಯ ಸುತ್ತಮುತ್ತ, ಗಡ್ಡೆಯ ಮೇಲೆ ನೀರಿನ ತೆಳುಪರೆ ಇರುವಾಗಲೇ ನೆಲ ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುತ್ತದೆ. ಮೈನಸ್ 20ರಲ್ಲಿ ಅದು ಕೊಂಚ ಒರಟಾಗಿರುತ್ತದೆ. ನವೆಂಬರಿನ ಮೊದಲ ಹಿಮ ಬೀಳುವುದು ಈ ಸೊನ್ನೆಯ ಆಸುಪಾಸಿನಲ್ಲಿ, ಹೊಸಬರ ಕೈಯಲ್ಲಿ ಹೊಸ ಲೈಸೆನ್ಸ್ ಇರುವಾಗ!

ಕೀವಿನಾದಲ್ಲಿ ಹಿಮ ಮುಚ್ಚುವುದು ಕೇವಲ ನೆಲವನ್ನಲ್ಲ. ಬೆಂಕಿ ಆರಿಸುವ ನೀರಿನ ನಲ್ಲಿಗಳು ಹೂತುಹೋಗುತ್ತವೆಂದು ಅವುಗಳಿಗೆ ಉದ್ದನೆಯ ಕಡ್ಡಿ ಕಟ್ಟಿ ಬಾವುಟ ಸಿಕ್ಕಿಸಿರುತ್ತಾರೆ. ಪಾರ್ಕಿಂಗ್ ಬಯಲಿನ ನಡುವಿನ ಹುಲ್ಲಿನ ಪಟ್ಟಿ, ಅದರ ಸುತ್ತಲಿನ ಕಾಂಕ್ರೀಟಿನ ಅಂಚುಕಟ್ಟೆ, ಕಾರಿನ ಮುಂದಿನ ಚಕ್ರ ತಡೆಯಲು ಇಟ್ಟಿರುವ ಗಿಡ್ಡ ದಿಂಡು, ಯಾರೋ ಬಿಟ್ಟುಹೋದ ಸಾಮಾನಿನ ತಳ್ಳುಗಾಡಿ ಇವಕ್ಕೆಲ್ಲ ಬಾವುಟವಿಲ್ಲ. ಬಯಲಿನ ಅಂಚಿನಲ್ಲಿ ಹಿಮ ತಳ್ಳುವ ಲಾರಿಗಳು ಗುಡ್ಡೆ ಹಾಕಿದ ರಾಶಿ ನೋಡಲು ಹತ್ತಿಯ ಮೂಟೆ. ಹಗಲಿನ ಬಿಸಿಲಿಗೆ ತುಸು ಕರಗಿ ರಾತ್ರಿ ಮರಳಿ ಹೆಪ್ಪುಗಟ್ಟುತ್ತ ವಾರದೊಳಗೆ ಅದು ಕಲ್ಲಿನ ಗೋಡೆಯಾಗಿರುತ್ತದೆ. ‘ಹಿಮ ತಾನೇ, ತಗಲಿದರೆ ಏನಾದೀತು’ ಎಂದುಕೊಂಡ ಹುಡುಗನ ಬಂಪರ್ ಮೂರು ತುಂಡಾಗುವುದು ಇಲ್ಲಿಯೇ. ಚಳಿಗೆ ಪ್ಲಾಸ್ಟಿಕ್ಕು ಹಪ್ಪಳದಂತೆ ಗರಿಗರಿಯಾಗಿರುವುದೂ ಇದಕ್ಕೆ ಕಾರಣ.

ಬಂಪರ್ ಮುರಿದರೆ ಕಣ್ಣಿಗೆ ಕಾಣುತ್ತದೆ, ಅದು ವಾಸಿ. ಕಾಣದ ಪೆಟ್ಟಿನದೇ ತೊಂದರೆ. ಸುತ್ತುತ್ತಿರುವ ಕಾರು ಅಡ್ಡಡ್ಡಲಾಗಿ ಜಾರಿ ಹೋಗಿ ಹಿಮದಡಿಯ ಅಂಚುಕಟ್ಟೆಗೆ ಚಕ್ರದ ಮಗ್ಗುಲಿನಿಂದ ಬಡಿಯುತ್ತದೆ. ಗಂಟೆಗೆ 25 ಕಿಲೋಮೀಟರ್ ಎಂದರೆ ಸೈಕಲ್ಲನ್ನು ಜೋರಾಗಿ ತುಳಿದಷ್ಟೇ ವೇಗ. ಆದರೂ ಲೆಕ್ಕ ಹಾಕಿ ನೋಡಿದರೆ ಆ ಪೆಟ್ಟು ಕಾರನ್ನು ಎಂಟು ಅಡಿ ಎತ್ತರದಿಂದ ಬೀಳಿಸಿದ್ದಕ್ಕೆ ಸಮ. ಪಿ.ಯು.ಸಿ. ಓದುವ ಯಾರು ಬೇಕಾದರೂ ವೇಗದ ವರ್ಗವನ್ನು ಗುರುತ್ವದ ಎರಡರಷ್ಟರಿಂದ ಭಾಗಿಸಿ ಇದನ್ನು ಪರೀಕ್ಷಿಸಬಹುದು. ಕಾರಿನ ಸಸ್ಪೆನ್ಷನ್ನು ತಯಾರಾಗಿರುವುದು ಗುಂಡಿ, ಉಬ್ಬುಗಳಲ್ಲಿ ಮೇಲೆ ಕೆಳಗೆ ಆಡುವುದಕ್ಕೆ. ಮಗ್ಗುಲಿನಿಂದ ಬೀಳುವ ಇಂಥ ಗುದ್ದನ್ನು ತಾಳುವ ಶಕ್ತಿ ಅದಕ್ಕೆ ಕಡಿಮೆ. ರಿಮ್ಮು ಸೊಟ್ಟಗಾಗುತ್ತದೆ, ಚಕ್ರವನ್ನು ಹಿಡಿದಿರುವ ಲೋಯರ್ ಆರ್ಮ್ ಬಾಗುತ್ತದೆ, ಚಕ್ರವನ್ನು ತಿರುಗಿಸುವ ಟೈ ರಾಡ್ ಒಂದು ಬೆರಳಿನಷ್ಟು ಡೊಂಕಾಗುತ್ತದೆ, ಟೈರಿನ ಪಕ್ಕೆಯೊಳಗಿನ ದಾರಗಳು ಹರಿಯುತ್ತವೆ. ‘ಡಬ್’ ಎಂದು ಸದ್ದಾಗುತ್ತದೆ. ಒಂದು ಕ್ಷಣ ಎಲ್ಲರೂ ಸುಮ್ಮನಾಗುತ್ತಾರೆ. ಯಾರೋ ಇಳಿದು ಮೊಬೈಲಿನ ಬೆಳಕಿನಲ್ಲಿ ನೋಡಿ, ‘ಏನೂ ಆಗಿಲ್ಲ ಕಣೋ’ ಎನ್ನುತ್ತಾನೆ. ಕಾರು ಮನೆಯವರೆಗೆ ಬರುತ್ತದೆ ಕೂಡ.

ಮಾರನೆಯ ದಿನದಿಂದ ದೂರುಗಳು ಶುರು. ಕಾರು ಬಲಕ್ಕೆ ಎಳೆಯುತ್ತದೆ. ನೇರ ಹೋಗುವಾಗಲೂ ಸ್ಟೇರಿಂಗ್ ಓರೆಯಾಗಿ ಕೂತಿರುತ್ತದೆ. ಎಲ್ಲೋ ಕೆಳಗೆ ಗರಗರ ಸದ್ದು. ಹೋಟನ್‌ನಲ್ಲಿ ರಾತ್ರಿ ಹತ್ತಾದಾಗ ಊರಿನಲ್ಲಿ ಬೆಳಗಿನ ಎಂಟೂವರೆ. ಅಪ್ಪ ಕಾಫಿ ಕುಡಿಯುತ್ತಿರುವ ಹೊತ್ತಿಗೆ ಸರಿಯಾಗಿ ಬರುವ ಫೋನಿನಲ್ಲಿ ನಡೆಯುವ ಮಾತು ಸಾಮಾನ್ಯವಾಗಿ ಹೀಗಿರುತ್ತದೆ:

‘ಅಪ್ಪ, ಕಾರು ಯಾಕೋ ಸ್ವಲ್ಪ ತೊಂದ್ರೆ ಕೊಡ್ತಾ ಇದೆ.’

‘ಎಲ್ಲಾದ್ರೂ ಗುದ್ದಿದ್ಯೇನೋ?’

‘ಇಲ್ಲಪ್ಪ, ಹಳೇ ಕಾರಲ್ವಾ. ಇಲ್ಲಿ ರಸ್ತೆಗೆ ಉಪ್ಪು ಬೇರೆ ಹಾಕ್ತಾರೆ.’

ಉಪ್ಪಿನ ಮಾತು ಸುಳ್ಳಲ್ಲ, ಅದಕ್ಕೇ ಅದು ಒಳ್ಳೆಯ ನೆಪ. ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪು ಕಾರಿನ ಹೊಟ್ಟೆಯ ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಬ್ರೇಕ್ ಎಣ್ಣೆಯ ಕೊಳವೆಗಳನ್ನೂ ಬಿಡುವುದಿಲ್ಲ. ಮೈನಸ್ 10 ಡಿಗ್ರಿಗಿಂತ ಕೆಳಗೆ ಉಪ್ಪಿನ ಆಟ ಹೆಚ್ಚು ನಡೆಯದ ಕಾರಣ ಕೀವಿನಾದಲ್ಲಿ ಮರಳನ್ನೂ ಧಾರಾಳವಾಗಿ ಚೆಲ್ಲುತ್ತಾರೆ. ಹತ್ತು ಹದಿನೈದು ಚಳಿಗಾಲ ಕಂಡ, ವಿದ್ಯಾರ್ಥಿಗಳ ಕೈಗೆ ನಾಲ್ಕೈದು ಸಾವಿರ ಡಾಲರಿಗೆ ಬರುವ ಕಾರಿನ ತಳಭಾಗ ಆಗಲೇ ತುಕ್ಕು ಹಿಡಿದಿರುತ್ತದೆ. ಹೊಸ ಕಾರು ತಾಳಿಕೊಂಡೀತೆಂಬ ಗುದ್ದಿಗೆ ಇದು ಮುರಿಯುತ್ತದೆ.

ಹಾಗೆಂದು ಆಟದ ಮರುದಿನ ನಡುಗುವ ಕಾರೆಲ್ಲ ಕೆಟ್ಟಿರಬೇಕೆಂದೇನಿಲ್ಲ. ಗ್ಯಾರೇಜಿನವರು ನಗುತ್ತ ಹೇಳುವ ಪ್ರಸಂಗವೂ ಒಂದಿದೆ. ಚಕ್ರದ ರಿಮ್ಮಿನ ಒಳಮಗ್ಗುಲಲ್ಲಿ ಹಿಮ ತುಂಬಿಕೊಂಡು ರಾತ್ರಿ ಗಡ್ಡೆಕಟ್ಟಿರುತ್ತದೆ. ಊರೊಳಗೆ ನಿಧಾನ ಹೋಗುವಾಗ ಗೊತ್ತಾಗುವುದಿಲ್ಲ. ಹೆದ್ದಾರಿಯಲ್ಲಿ ವೇಗ ಏರಿದೊಡನೆ ತೂಕ ಸರಿದೂಗದ ಚಕ್ರ ಕುಣಿಯಲು ತೊಡಗಿ ಸ್ಟೇರಿಂಗ್ ಗಡಗಡ ನಡುಗುತ್ತದೆ. ಎಂಜಿನ್ನೇ ಹೋಯಿತೆಂದು ಮುಖ ಬಾಡಿಸಿಕೊಂಡು ಬಂದವರ ಎದುರಿಗೆ ಮೆಕ್ಯಾನಿಕ್ ಒಂದು ಕೋಲು ತೆಗೆದುಕೊಂಡು ಗಡ್ಡೆಯನ್ನು ಕೆರೆದು ಬೀಳಿಸುತ್ತಾನೆ. ಕಾರು ಸರಿಹೋಗುತ್ತದೆ. ಎಂಜಿನ್ ಕೋಣೆಯೊಳಗೆ ನುಗ್ಗಿದ ಹಿಮ ಕರಗಿ ಬೆಲ್ಟು ಒದ್ದೆಯಾಗಿ ಕೀಚಲು ಕೂಗು ಹಾಕುವುದು, ಎಳೆದು ಬಿಟ್ಟ ಹ್ಯಾಂಡ್‌ಬ್ರೇಕಿನ ತಂತಿ ಒದ್ದೆಯಾಗಿ ರಾತ್ರಿ ಹೆಪ್ಪುಗಟ್ಟಿ ಬೆಳಿಗ್ಗೆ ಹಿಂಚಕ್ರ ತಿರುಗದೇ ಇರುವುದು ಇಂಥವೂ ಉಂಟು. ಇದಕ್ಕಾಗಿಯೇ ಅಲ್ಲಿನ ಹಳಬರು ಕೊರೆಯುವ ರಾತ್ರಿಗಳಲ್ಲಿ ಸಮತಟ್ಟಾದ ಜಾಗ ನೋಡಿ, ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಮಾತ್ರ ಕಾರು ನಿಲ್ಲಿಸುತ್ತಾರೆ.

ಹೆಚ್ಚು ಹಣ ತಿನ್ನುವುದು ಬೇರೆಯೇ. ಆಟದ ಕೊನೆಯಲ್ಲಿ ಕಾರು ಹಿಮದ ರಾಶಿಯೊಳಗೆ ಹೂತುಕೊಂಡಾಗ ಎಲ್ಲರೂ ಮಾಡುವ ಕೆಲಸವೆಂದರೆ ಆಕ್ಸಿಲರೇಟರನ್ನು ನೆಲಕ್ಕೆ ತುಳಿಯುವುದು. ಮಲೆನಾಡಿನ ಕೆಸರಿನಲ್ಲಿ ಜೀಪು ಓಡಿಸಿದವರು ಇದನ್ನು ಮಾಡುವುದಿಲ್ಲ, ಚಕ್ರದಡಿಗೆ ಸೊಪ್ಪೋ ಕಲ್ಲೋ ಕೊಟ್ಟು ನಿಧಾನವಾಗಿ ಎತ್ತುತ್ತಾರೆ. ನಗರದ ಹುಡುಗನಿಗೆ ಆ ತಾಳ್ಮೆ ಎಲ್ಲಿಂದ ಬರಬೇಕು? ಹೂತ ಕಾರಿನಲ್ಲಿ ಒಂದು ಚಕ್ರ ನಿಂತಿರುತ್ತದೆ, ಇನ್ನೊಂದು ಹುಚ್ಚಾಗಿ ಸುತ್ತುತ್ತದೆ. ಡಯಲಿನಲ್ಲಿ ಕಾಣುವ ವೇಗ ಎರಡರ ಸರಾಸರಿ. ಅದು 30 ಮೈಲಿ ತೋರಿಸುತ್ತಿದ್ದರೆ ಸುತ್ತುವ ಚಕ್ರ 60 ಮೈಲಿಯಲ್ಲಿದೆ ಎಂದರ್ಥ. ಎರಡು ಚಕ್ರಗಳ ನಡುವೆ ಪಾಲು ಹಂಚುವ ಡಿಫರೆನ್ಷಿಯಲ್ಲಿನ ಪುಟ್ಟ ಹಲ್ಲುಗಾಲಿಗಳು ಕಾದು ಸವೆಯುತ್ತವೆ. ಮುಂದಕ್ಕೂ ಹಿಂದಕ್ಕೂ ಗೇರು ಬದಲಿಸುತ್ತ ಜಗ್ಗಾಡಿದರೆ ಆಟೊಮ್ಯಾಟಿಕ್ ಗೇರುಪೆಟ್ಟಿಗೆಯ ಎಣ್ಣೆ ಸುಟ್ಟ ವಾಸನೆ ಬರತೊಡಗುತ್ತದೆ. ಗೇರುಪೆಟ್ಟಿಗೆ ಹೋಯಿತೆಂದರೆ ಆ ಕಾರಿನ ಬೆಲೆಗಿಂತ ರಿಪೇರಿಯೇ ದುಬಾರಿ. ಸಿಕ್ಕಿಬಿದ್ದಾಗ ಚಕ್ರದ ಸುತ್ತನ್ನು ಡಯಲಿನಲ್ಲಿ 35 ಮೈಲಿ ದಾಟಿಸಬೇಡಿ ಎಂದು ಕಾರಿನ ಜೊತೆ ಕೊಡುವ ಅನೇಕ ಪುಸ್ತಕಗಳಲ್ಲಿ ಬರೆದಿರುತ್ತದೆ, ಟೈರೇ ಸಿಡಿಯಬಹುದು ಎಂಬ ಕಾರಣಕ್ಕೆ. ಆ ಪುಸ್ತಕವನ್ನು ಬಿಡಿಸಿ ನೋಡಿದವರು ಕಡಿಮೆ.

ಇವೆಲ್ಲ ಹಣದ ನಷ್ಟ. ಜೀವಕ್ಕೇ ಕುತ್ತು ತರುವ ಒಂದು ಸಂಗತಿಯನ್ನು ಮಕ್ಕಳೂ ಹೆತ್ತವರೂ ತಿಳಿದಿರಬೇಕು. ಕಾರು ಹಿಂದುಮುಂದಾಗಿ ರಾಶಿಗೆ ನುಗ್ಗಿದಾಗ ಸೈಲೆನ್ಸರಿನ ಬಾಯಿಗೆ ಹಿಮ ಮೆತ್ತಿಕೊಳ್ಳುತ್ತದೆ. ಹೊರಗೆ ಕೊರೆಯುವ ಚಳಿ. ಕಾರು ಎಳೆಯುವ ಗಾಡಿ ಬರುವವರೆಗೆ ಹೀಟರ್ ಹಾಕಿ ಕಿಟಕಿ ಮುಚ್ಚಿ ಒಳಗೆ ಕೂಡೋಣ ಎನ್ನಿಸುವುದು ಸಹಜ. ಹೊರಹೋಗಲು ದಾರಿಯಿಲ್ಲದ ಹೊಗೆ ಕಾರಿನ ತಳದ ಸಂದುಗಳಿಂದ ಒಳಗೆ ಬರುತ್ತದೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ಆಮೇಲೆ ಮಂಪರು, ನಂತರ ಎಚ್ಚರವೇ ಇಲ್ಲ. ಅಮೆರಿಕದಲ್ಲಿ ದೊಡ್ಡ ಹಿಮಪಾತಗಳಾದಾಗ ಹೀಗೆ ಕಾರಿನಲ್ಲಿ ಕುಳಿತಲ್ಲೇ ಸತ್ತವರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಎಂಜಿನ್ ಚಾಲೂ ಮಾಡುವ ಮುನ್ನ ಇಳಿದು, ಸೈಲೆನ್ಸರಿನ ಸುತ್ತಲಿನ ಹಿಮವನ್ನು ಕೈಯಿಂದಲಾದರೂ ತೋಡಿ ತೆಗೆಯಬೇಕು. ಆಮೇಲೂ ಒಂದು ಕಿಟಕಿಯನ್ನು ಬೆರಳಿನಷ್ಟು ತೆರೆದಿಡಬೇಕು.

ಇನ್ನು ಕಾನೂನಿನ ವಿಚಾರ. ರಸ್ತೆಯಲ್ಲಲ್ಲವಲ್ಲ, ಖಾಲಿ ಬಯಲಿನಲ್ಲಿ ತಾನೇ ಎಂಬ ವಾದ ಮಿಷಿಗನ್ನಿನಲ್ಲಿ ನಡೆಯದು. ಬೇಕೆಂದೇ ಬೇಜವಾಬ್ದಾರಿಯಿಂದ ವಾಹನ ಓಡಿಸುವುದನ್ನು ಶಿಕ್ಷಿಸುವ ಅಲ್ಲಿನ ಕಾಯಿದೆಯು ಹೆದ್ದಾರಿಯ ಜೊತೆಗೆ ಸಾರ್ವಜನಿಕರು ಕಾರು ನಿಲ್ಲಿಸುವ ಜಾಗಗಳನ್ನೂ, ಅಷ್ಟೇ ಅಲ್ಲ, ಹೆಪ್ಪುಗಟ್ಟಿದ ಸಾರ್ವಜನಿಕ ಕೆರೆ ತೊರೆಗಳನ್ನೂ ಹೆಸರಿಸುತ್ತದೆ. ಕೆರೆಯ ಮೇಲೆ ಕಾರು ಓಡಿಸುವುದಕ್ಕೂ ಕಾನೂನು ಮಾಡಬೇಕಾದ ನಾಡು ಇದು! ಅಪರಾಧ ಸಾಬೀತಾದರೆ 93 ದಿನಗಳವರೆಗೆ ಜೈಲು, 500 ಡಾಲರಿನವರೆಗೆ ದಂಡ, ಅಥವಾ ಎರಡೂ. ಜೊತೆಗೆ ಲೈಸೆನ್ಸು 90 ದಿನ ಅಮಾನತು. ಇದು ದಂಡ ಕಟ್ಟಿ ಚೀಟಿ ಹರಿದು ಹಾಕುವ ಟ್ರಾಫಿಕ್ ತಪ್ಪಲ್ಲ, ಕ್ರಿಮಿನಲ್ ದಾಖಲೆ. ಅಮೆರಿಕದ ವೀಸಾ ಅರ್ಜಿಯಲ್ಲಿ ‘ಎಂದಾದರೂ ಬಂಧನವಾಗಿದೆಯೇ, ಶಿಕ್ಷೆಯಾಗಿದೆಯೇ’ ಎಂಬ ಪ್ರಶ್ನೆಯಿರುತ್ತದೆ. ಅದಕ್ಕೆ ‘ಇಲ್ಲ’ ಎಂದು ಬರೆಯುವ ಭಾಗ್ಯ ಹತ್ತು ನಿಮಿಷದ ಕೋಡುಬಳೆಯಲ್ಲಿ ಕಳೆದುಹೋಗಬಹುದು.

ವಿಮೆಯ ಲೆಕ್ಕವೂ ನಮ್ಮಲ್ಲಿಯಂತಲ್ಲ. ಮಿಷಿಗನ್ನಿನಲ್ಲಿ 1973ರಿಂದ ತಪ್ಪು ಯಾರದೇ ಇರಲಿ, ಗಾಯಾಳುಗಳ ಚಿಕಿತ್ಸೆಯನ್ನು ಅವರವರ ವಿಮೆಯೇ ನೋಡಿಕೊಳ್ಳುವ ಪದ್ಧತಿ ಜಾರಿಯಲ್ಲಿದೆ. ಆದರೆ ಸ್ವಂತ ಕಾರಿನ ರಿಪೇರಿಗೆ ಬೇರೆಯಾಗಿ ಹಣ ಕೊಟ್ಟು ರಕ್ಷೆ ಕೊಂಡಿರಬೇಕು. ಹಳೆಯ ಕಾರಿಗೆ ಅದೆಲ್ಲ ಯಾಕೆಂದು ವಿದ್ಯಾರ್ಥಿಗಳು ಕಡ್ಡಾಯದ ವಿಮೆಯಷ್ಟನ್ನೇ ಮಾಡಿಸಿರುತ್ತಾರೆ. ಆಗ ಬಾಗಿದ ಆರ್ಮು, ಹೊಸ ರಿಮ್ಮು, ಟೈರು, ಅಲೈನ್‌ಮೆಂಟ್, ಗಂಟೆಗಿಷ್ಟೆಂದು ಮೆಕ್ಯಾನಿಕ್ಕಿನ ಕೂಲಿ ಎಲ್ಲ ಸೇರಿ ಬರುವ ಬಿಲ್ಲು ನೇರವಾಗಿ ಜೇಬಿಗೇ. ನಾಲ್ವರ ಹಣದಲ್ಲಿ ಕೊಂಡ ಕಾರನ್ನು ಒಬ್ಬ ಗುದ್ದಿದ್ದರೆ ಸ್ನೇಹಕ್ಕೂ ಅಲೈನ್‌ಮೆಂಟ್ ಬೇಕಾಗುತ್ತದೆ.

ಅಷ್ಟಾದರೂ ಹಣ ಸಿಕ್ಕೀತು. ರಿಪೇರಿಯನ್ನು ಮುಂದೂಡುವುದು ನಿಜವಾದ ಅಪಾಯ. ಹೋಟನ್‌ನಿಂದ ಹತ್ತಿರದ ದೊಡ್ಡ ಊರು ಮಾರ್ಕೆಟ್. ಸುಮಾರು 160 ಕಿಲೋಮೀಟರ್ ದೂರ, ಬಹುಪಾಲು ಕಾಡು, ಎದುರುಬದುರು ವಾಹನಗಳ ಎರಡೇ ಸಾಲಿನ ದಾರಿ, ನಡುವೆ ಮೊಬೈಲಿಗೆ ಸಿಗ್ನಲ್ ಇಲ್ಲದ ಜಾಗಗಳು. ಪಾರ್ಕಿಂಗ್ ಬಯಲಿನಲ್ಲಿ ಬಾಗಿದ ಟೈ ರಾಡ್ ಬಯಲಿನಲ್ಲಿಯೇ ಕಳಚುವುದಿಲ್ಲ. ಎರಡು ವಾರದ ನಂತರ ಇಂಥ ರಸ್ತೆಯಲ್ಲಿ, 55 ಮೈಲಿ ವೇಗದಲ್ಲಿ, ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿ ಬರುತ್ತಿರುವಾಗ ಅದು ಕೈಕೊಡಬಹುದು. ಅಂದು ಕಾರಿನಲ್ಲಿರುವವರು ಆ ರಾತ್ರಿ ಆಡಿದವರೇ ಆಗಿರಬೇಕೆಂದಿಲ್ಲ. ಕಾರನ್ನು ಒಂದು ದಿನದ ಮಟ್ಟಿಗೆ ಕೇಳಿ ಪಡೆದ ಜೂನಿಯರ್ ಹುಡುಗಿಯಾಗಿರಬಹುದು. ‘ಏನೂ ಆಗಿಲ್ಲ ಕಣೋ’ ಎಂದವನು ಅವಳಿಗೆ ಅಂಚುಕಟ್ಟೆಯ ಸಂಗತಿ ಹೇಳಿರುವುದಿಲ್ಲ. ಆದ್ದರಿಂದ ಫೋನಿನ ಈ ತುದಿಯಲ್ಲಿರುವ ಹೆತ್ತವರು ‘ಯಾಕೆ ಹೀಗೆ ಮಾಡ್ದೆ’ ಎಂದು ಗದರುವುದಕ್ಕೆ ಮುಂಚೆ ‘ಕಾರನ್ನ ಲಿಫ್ಟಿಗೆ ಹಾಕಿಸಿ ಕೆಳಗಿಂದ ನೋಡ್ಸಿದ್ಯಾ?’ ಎಂದು ಕೇಳುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಗದರುವ ಮನೆಯ ಮಕ್ಕಳು ಉಪ್ಪಿನ ಕಥೆ ಹೇಳುತ್ತಾರೆ.

ಸ್ವಾರಸ್ಯವೆಂದರೆ ಇದೇ ಊರಿನಲ್ಲಿ ಇದೇ ಆಟವನ್ನು ಸಂಬಳ ಪಡೆದು ಆಡುವವರಿದ್ದಾರೆ. ಊರಾಚೆ, ವಿಮಾನ ನಿಲ್ದಾಣದ ಪಕ್ಕ, ವಿಶ್ವವಿದ್ಯಾಲಯದ ಕೀವಿನಾ ಸಂಶೋಧನಾ ಕೇಂದ್ರವಿದೆ. ಹಿಮದಲ್ಲಿ ವಾಹನಗಳು ಹೇಗೆ ಚಲಿಸುತ್ತವೆಂದು ತಿಳಿಯಲು ಅಮೆರಿಕದ ಸೇನೆ 1950ರ ದಶಕದಲ್ಲಿ ಹೂಡಿದ ಠಾಣೆಯಿಂದ ಬೆಳೆದ ಸಂಸ್ಥೆ ಅದು. ನೂರಾರು ಎಕರೆಯಲ್ಲಿ ಹಿಮದ ಪಥಗಳು, ಮಂಜುಗಡ್ಡೆಯ ಅಂಗಳಗಳು. ಹೊಸ ಮಾದರಿಯ ವಾಹನಗಳನ್ನೂ ಟೈರುಗಳನ್ನೂ ಚಳಿಗಾಲದಲ್ಲಿ ಇಲ್ಲಿಗೆ ತಂದು ಜಾರಿಸುತ್ತಾರೆ, ಸುತ್ತಿಸುತ್ತಾರೆ, ಅಳೆಯುತ್ತಾರೆ. ಕಾರು ಅಡ್ಡ ಜಾರತೊಡಗಿದೊಡನೆ ಒಂದೊಂದು ಚಕ್ರಕ್ಕೂ ಬೇರೆ ಬೇರೆ ಬ್ರೇಕ್ ಕೊಟ್ಟು ನೇರಕ್ಕೆ ತರುವ ಎಲೆಕ್ಟ್ರಾನಿಕ್ ವ್ಯವಸ್ಥೆ ಹುಟ್ಟಿದ್ದೂ ಬೆಳೆದದ್ದೂ ಇಂಥ ಪಥಗಳ ಪರೀಕ್ಷೆಯಿಂದಲೇ. ಅಮೆರಿಕದಲ್ಲಿ ಅದು 2012ರ ಮಾದರಿಯಿಂದೀಚಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಅದನ್ನು ತಾತ್ಕಾಲಿಕವಾಗಿ ಆರಿಸುವ ಗುಂಡಿ ಅನೇಕ ಕಾರುಗಳಲ್ಲಿರುತ್ತದೆ, ಕೋಡುಬಳೆಯವರು ಮೊದಲು ಒತ್ತುವುದು ಅದನ್ನೇ. ಸಂಶೋಧನೆಯ ಪಥಕ್ಕೂ ಅಂಗಡಿಯ ಬಯಲಿಗೂ ಇರುವ ಅಂತರ ಚಾಲಕನ ಜಾಣತನದ್ದಲ್ಲ. ಅಲ್ಲಿ ಹಿಮದ ಕೆಳಗೆ ಏನಿದೆಯೆಂದು ಗೊತ್ತು. ಇಲ್ಲಿ ಗೊತ್ತಿಲ್ಲ.

ಕೀವಿನಾದಲ್ಲಿ ಗಣಿಗಳ ಕಾಲದಲ್ಲಿ ಬಂದು ನೆಲೆಸಿದ ಫಿನ್ಲೆಂಡಿನವರ ಮನೆತನಗಳು ಬಹಳ. ಆ ಫಿನ್ಲೆಂಡಿನಲ್ಲಿ ಜಾರುವ ನೆಲದ ಮೇಲಿನ ಚಾಲನೆಯನ್ನು ಲೈಸೆನ್ಸಿನ ತರಬೇತಿಯಲ್ಲಿಯೇ ಕಲಿಸುತ್ತಾರೆ. ಬೇಕೆಂದೇ ನುಣುಪು ಮಾಡಿದ ಪಥದಲ್ಲಿ, ಪಕ್ಕದಲ್ಲಿ ಗುರುವನ್ನು ಕೂರಿಸಿಕೊಂಡು, ಕಾರು ತಪ್ಪಿಹೋಗುವುದು ಎಂದರೇನು ಎಂಬುದನ್ನು ಹುಡುಗರು ಅನುಭವಿಸಿ ನೋಡುತ್ತಾರೆ. ಮಿಷಿಗನ್ನಿನಲ್ಲಿ ಅಂಥ ಕಡ್ಡಾಯವಿಲ್ಲದಿದ್ದರೂ ಖಾಲಿ ಬಯಲಿನಲ್ಲಿ ಹಗಲು ಹೊತ್ತು, ಜಾಗದ ಒಡೆಯರನ್ನು ಕೇಳಿ, ನಡಿಗೆಯ ವೇಗದಲ್ಲಿ ಬ್ರೇಕ್ ಒತ್ತಿ ನೋಡುವುದು, ಜಾರಿದಾಗ ಸ್ಟೇರಿಂಗನ್ನು ಹೋಗಬೇಕಾದ ದಿಕ್ಕಿಗೆ ತಿರುಗಿಸಿ ಕಾಲು ಸಡಿಲಿಸುವುದು ಇಷ್ಟನ್ನು ಅನುಭವಿಗಳು ಹೊಸಬರಿಗೆ ಹೇಳಿಕೊಡುವುದುಂಟು. ಬ್ರೇಕ್ ಒತ್ತಿದಾಗ ಪೆಡಲು ಟಕಟಕ ಒದೆಯುತ್ತದೆ. ಅದು ಚಕ್ರ ಕಚ್ಚಿಕೊಳ್ಳದಂತೆ ಕಾಯುವ ವ್ಯವಸ್ಥೆಯ ಲಕ್ಷಣ, ಹೆದರಿ ಕಾಲು ತೆಗೆಯಬಾರದು ಎಂಬುದನ್ನು ಹೀಗೆ ಮೊದಲೇ ತಿಳಿದವನು ಹ್ಯಾಂಕಾಕ್ ಕಡೆಯ ಗುಡ್ಡ ಇಳಿಯುವಾಗ ಗಾಬರಿಯಾಗುವುದಿಲ್ಲ.

ಆಡಲು ಬೇರೆ ದಾರಿಗಳೂ ಊರಿನಲ್ಲಿ ಬೇಕಾದಷ್ಟಿವೆ. 1922ರಲ್ಲಿ ಆರಂಭವಾದ ಇಲ್ಲಿನ ಚಳಿಗಾಲದ ಹಬ್ಬದಲ್ಲಿ ವಿದ್ಯಾರ್ಥಿಗಳ ತಂಡಗಳು ತಿಂಗಳುಗಟ್ಟಲೆ ಹಿಮ ಹೊತ್ತು, ನೀರು ಬೆರೆಸಿ ಮೆತ್ತಿ, ಕೆತ್ತಿ, ಮನೆಯೆತ್ತರದ ಶಿಲ್ಪಗಳನ್ನು ನಿಲ್ಲಿಸುತ್ತವೆ. ಹೋಟನ್ ಮತ್ತು ಹ್ಯಾಂಕಾಕ್ ಊರುಗಳ ನಡುವೆ 1959ರಲ್ಲಿ ಕಟ್ಟಿದ, ಹಡಗು ಬಂದಾಗ ನಡುಭಾಗ ಮೇಲೇಳುವ ಸೇತುವೆಯಿದೆ. ಹಡಗುಗಳಿಲ್ಲದ ಚಳಿಗಾಲದಲ್ಲಿ ಅದರ ಕೆಳ ಅಂತಸ್ತಿನಲ್ಲಿ ಹಿಮದ ಬೈಕುಗಳು ಸಾಲಾಗಿ ದಾಟುತ್ತವೆ. ಗುಡ್ಡದ ಇಳಿಜಾರಿನಲ್ಲಿ ಸ್ಕೀ ಕಲಿಯುವ ಬೆಂಗಳೂರಿನ ಹುಡುಗಿಯರು ಬಿದ್ದಾಗ ಆಗುವ ಮೂಗೇಟಿಗೆ ಅಲೈನ್‌ಮೆಂಟಿನ ಖರ್ಚಿಲ್ಲ.

ಏಪ್ರಿಲ್ ಕಳೆಯುವ ಹೊತ್ತಿಗೆ ಪಾರ್ಕಿಂಗ್ ಬಯಲುಗಳ ಅಂಚಿನ ರಾಶಿಗಳು ಮರಳು ಸೇರಿ ಕಪ್ಪಗಾಗಿ, ಕುಗ್ಗಿ, ಕೊನೆಗೆ ನೀರಾಗಿ ಹರಿಯುತ್ತವೆ. ಆಗ ಅಂಚುಕಟ್ಟೆಗಳು ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತವೆ, ಅವುಗಳ ಮೇಲೆ ಕಪ್ಪು ರಬ್ಬರಿನ ಗೆರೆಗಳು. ಪಕ್ಕದ ಒದ್ದೆ ಹುಲ್ಲಿನಲ್ಲಿ ಚಳಿಗಾಲವಿಡೀ ಹೂತಿದ್ದ ಸಾಮಾನುಗಳು ಮೇಲೆದ್ದಿರುತ್ತವೆ: ಒಂಟಿ ಕೈಗವಸು, ಬಂಪರಿನ ಚೂರು, ಎಂಜಿನ್ನಿನ ಅಡಿಯ ಪ್ಲಾಸ್ಟಿಕ್ ಹಾಳೆ, ನಾಲ್ಕೈದು ವೀಲ್ ಕ್ಯಾಪುಗಳು. ವಸಂತದ ಬಿಸಿಲಿಗೆ ಅಡ್ಡಾಡಲು ಬಂದ ವಿದ್ಯಾರ್ಥಿಗಳು ಅವುಗಳನ್ನು ಕಾಲಿನಿಂದ ತಿರುವಿ ಹಾಕಿ, ತಮ್ಮ ಕಾರಿನದು ಇದೆಯೇ ಎಂದು ಹುಡುಕುತ್ತಿರುತ್ತಾರೆ.